ಆದಿತ್ಯವಾರದ ಆಕಾಶವಾಣಿ: ನಮ್ಮ ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆ ಆಗ್ಲಿ, ಬದಿಯಡ್ಕ ಪೇಟೆ ಆಗ್ಲಿ, ಬಸ್ಸಿಗೆ ಕಾಯುವಾಗ ಆಗ್ಲಿ, ಸಿಕ್ಕಿದವರೆಲ್ಲ ನನ್ನ ಹತ್ರ ರೇಡಿಯೋ ವಿಷಯ ಕೇಳ್ತಾರೆ. ಮನೆಯಲ್ಲಿ ಅಪ್ಪನ ಕಾಲದಿಂದ ಆದಿತ್ಯವಾರ ರೇಡಿಯೋ ನಿಂತದ್ದಿಲ್ಲ ಅಂತ ಎಲ್ಲರಿಗೂ ಗೊತ್ತುಂಟು, ಹಾಗಾಗಿ ಸೆಟ್ ಕೆಟ್ಟರೂ ನನಗೇ ಫೋನು, ಸ್ಟೇಷನ್ ಸಿಗದಿದ್ರೂ ನನಗೇ ಫೋನು. ಕೇಳೋದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಒಟ್ಟಿಗೆ ಬರೆದಿಟ್ರೆ ನಾಲ್ಕು ಜನಕ್ಕೆ ಉಪಕಾರ ಆದೀತು ಅಂತ ಇಲ್ಲಿ ಹಾಕ್ತಾ ಇದ್ದೇನೆ.

ಪ್ರಶ್ನೆ: ಕಾಸರಗೋಡಿನಲ್ಲಿ ಕನ್ನಡ ಕಾರ್ಯಕ್ರಮ ಬೇಕಾದ್ರೆ ಯಾವ ಸ್ಟೇಷನ್ ಇಡ್ಬೇಕು?

ಮೊದಲು ಆಕಾಶವಾಣಿ ಮಂಗಳೂರು, ಎಫ್‌ಎಂ 100.3. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಇದು ಸಾಕು, ಬೇರೆ ಹುಡುಕೋದೇ ಬೇಡ. ಮುಳ್ಳೇರಿಯ, ಆದೂರು, ದೇಲಂಪಾಡಿ ಅಂತ ಮೂಡು ದಿಕ್ಕಿಗೆ ಹೋದ ಹಾಗೆ ಮಂಗಳೂರು ಕಷ್ಟ ಆಗ್ತದೆ, ಅಲ್ಲಿ ಮಡಿಕೇರಿಯ 103.1 ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರ ಇರುವ ಊರು, ಅಲ್ಲಿಂದ ಬಿಟ್ಟ ಎಫ್‌ಎಂ ಘಟ್ಟದ ಕೆಳಗೆ ಸುಳ್ಯ ದಾಟಿ ನಮ್ಮ ಕಡೆಗೂ ಇಳೀತದೆ. ಕಣ್ಣೂರಿನ 101.5 ಬಹಳ ಕಡೆ ಜೋರಾಗಿ ಸಿಗ್ತದೆ, ಆದ್ರೆ ಅದು ಮಲಯಾಳ. ತುಂಬ ಜನ ತಪ್ಪುವುದು ಇಲ್ಲೇ, 100.3ರಿಂದ ಮುಳ್ಳು ಚೂರು ಜಾರಿದ್ರೂ ಕಣ್ಣೂರು ಹಿಡಿದುಬಿಡ್ತದೆ, ಆಮೇಲೆ ಫೋನು ಮಾಡಿ "ಮಂಗಳೂರಿನವರು ಮಲಯಾಳ ಶುರು ಮಾಡಿದ್ರಾ" ಅಂತ ಕೇಳ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ 100.3 ಬರೀ ಕರಕರ, ಗುಡ್ಡೆ ಹತ್ತಿದ್ರೆ ಚೆಂದ ಕೇಳ್ತದೆ. ಯಾಕೆ ಹಾಗೆ?

ಎಫ್‌ಎಂ ತರಂಗ ನೇರ ಹೋಗುವ ಜಾತಿಯದ್ದು. ಮಧ್ಯ ಗುಡ್ಡೆ ಬಂದ್ರೆ ಅದರ ಹಿಂದೆ ನೆರಳು ಬಿದ್ದ ಹಾಗೆ. ನಮ್ಮ ಊರಿನ ಚಂದ ಗೊತ್ತಲ್ವಾ, ಮೇಲೆ ಪದವು, ಕೆಳಗೆ ಬಯಲು, ಮನೆ ಇರೋದು ತೋಟದ ಬುಡದಲ್ಲಿ, ಸುತ್ತ ಅಡಿಕೆ ತೆಂಗು. ಪದವಿನ ಮೇಲಿನ ಶಾಲೆಯ ಹತ್ರ ನಿಂತು ಕೇಳಿದ್ರೆ ಮಂಗಳೂರು ಸ್ಟೇಷನ್ ಪಕ್ಕದ ಮನೆಯ ಹಾಗೆ ಕೇಳ್ತದೆ, ಬಯಲಿಗೆ ಇಳಿದ್ರೆ ಮಾತು ಮುರೀತದೆ. ಸ್ಟೇಷನ್ನಿನವರದ್ದೂ ಸೆಟ್ಟಿನದ್ದೂ ತಪ್ಪಲ್ಲ ಅದು.

ಉಪಾಯ ಉಂಟು. 100.3 ಮೆಗಾಹರ್ಟ್ಸ್ ಅಂದ್ರೆ ತರಂಗದ ಉದ್ದ ಹತ್ರ ಹತ್ರ ಮೂರು ಮೀಟರ್, ಅದರ ಕಾಲು ಪಾಲು 75 ಸೆಂಟಿಮೀಟರ್. ಅಷ್ಟುದ್ದದ ತಾಮ್ರದ ವಯರು ತಗೊಂಡು ಒಂದು ತುದಿಯ ಪ್ಲಾಸ್ಟಿಕ್ ಸುಲಿದು ರೇಡಿಯೋದ ಏರಿಯಲ್ ಕಡ್ಡಿಗೆ ಬಿಗಿಯಾಗಿ ಸುತ್ತಿ, ಇನ್ನೊಂದು ತುದಿಯನ್ನು ಪಡುವಣ ಬಡಗು ದಿಕ್ಕಿನ ಕಿಟಕಿಯಲ್ಲಿ ನೆಟ್ಟಗೆ ತೂಗುಹಾಕಿ. ಅದರಿಂದಲೂ ಆಗದಿದ್ರೆ ಹಳೇ ಟಿವಿ ಆಂಟೆನಾ ಮಾಡಿನ ಮೇಲೆ ಇದ್ದೇ ಇರ್ತದೆ ಹೆಚ್ಚಿನ ಮನೆಗಳಲ್ಲಿ, ಅದರ ವಯರನ್ನು ಕೆಳಗೆ ತಂದು ಜೋಡಿಸಿ ನೋಡಿ. ನಮ್ಮ ನೆರೆಮನೆಯ ಅಕ್ಕ ಹಾಗೆ ಮಾಡಿದ ಮೇಲೆ ಹಟ್ಟಿಯಲ್ಲಿ ಹಾಲು ಕರೆಯುವಾಗಲೂ ಮಂಗಳೂರು ಕೇಳ್ತಾರೆ. ಮಳೆಗಾಲದಲ್ಲಿ ಮಿಂಚು ಬರುವಾಗ ಮಾತ್ರ ಆ ವಯರು ತೆಗೆದಿಡಿ, ಮರೀಬೇಡಿ.

ಪ್ರಶ್ನೆ: ಆಲ್ ಇಂಡಿಯಾ ರೇಡಿಯೋ, ಆಕಾಶವಾಣಿ, ಪ್ರಸಾರ ಭಾರತಿ ಎಲ್ಲ ಒಂದೇನಾ?

ರೇಡಿಯೋದ ಮಟ್ಟಿಗೆ ಒಂದೇ. 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಅಂತ ಹೆಸರಾಯ್ತು. ಆಕಾಶವಾಣಿ ಅನ್ನುವ ಹೆಸರು ನಮ್ಮ ಮೈಸೂರಿನದ್ದು, ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಸ್ಟೇಷನ್ನಿನ ಹೆಸರು ಅದು, ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಆಯ್ತು. 1997ರಿಂದ ದೂರದರ್ಶನ ಮತ್ತು ಆಕಾಶವಾಣಿ ಎರಡೂ ಪ್ರಸಾರ ಭಾರತಿ ಅನ್ನುವ ಸಂಸ್ಥೆಯ ಕೆಳಗೆ. 2023ರ ಮೇ ತಿಂಗಳಿಂದ ಇಂಗ್ಲಿಷಿನಲ್ಲೂ ಆಕಾಶವಾಣಿ ಅಂತಲೇ ಹೇಳ್ಬೇಕು ಅಂತ ಆದೇಶ ಆಗಿದೆ. ನನಗೆ ಇದು ತುಂಬ ಖುಷಿಯ ವಿಷಯ. ದಿಲ್ಲಿಯಲ್ಲಿ ಕೂತವರೂ ಹೇಳುವ ಆ ಹೆಸರು ಮೈಸೂರಿನ ಒಬ್ಬ ಮೇಷ್ಟ್ರ ಮನೆಯಿಂದ ಹೋದದ್ದು ಅಂತ ನಮ್ಮ ಮಕ್ಕಳಿಗೆ ಹೇಳ್ಬೇಕು.

ಪ್ರಶ್ನೆ: ಬೇರೆ ದಿನಕ್ಕಿಂತ ಆದಿತ್ಯವಾರ ಎಂತ ವಿಶೇಷ?

ವಾರದ ದಿನ ರೇಡಿಯೋ ಕೇಳೋದು ಕೆಲಸದ ನಡುವೆ, ಆದಿತ್ಯವಾರ ಕೂತು ಕೇಳೋದು. ಕಾರ್ಯಕ್ರಮವೂ ಹಾಗೇ ಇರ್ತದೆ, ಮಕ್ಕಳದ್ದು, ನಾಟಕ, ಕೋರಿಕೆಯ ಚಿತ್ರಗೀತೆ, ಸಂದರ್ಶನ, ಕಥೆ ಕವನ, ಒಂದೇ ದಿನದಲ್ಲಿ ಎಲ್ಲ ಬಗೆ. ಬೆಳಿಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಇಟ್ರೆ ಮೊದಲು ಆ ಪರಿಚಯದ ಧ್ವನಿ ಬರ್ತದಲ್ಲ, ತಂಬೂರಿಯ ಮೇಲೆ ಪಿಟೀಲು, ಅದನ್ನು ಮಾಡಿದವರು ವಾಲ್ಟರ್ ಕೌಫ್‌ಮನ್ ಅಂತ, ಯುರೋಪಿನಲ್ಲಿ ಯಹೂದಿಗಳಿಗೆ ಬದುಕಲಿಕ್ಕೆ ಆಗದ ಕಾಲದಲ್ಲಿ ಬೊಂಬಾಯಿಗೆ ಬಂದು ಸೇರಿದವರು. ಶಿವರಂಜನಿ ರಾಗದ ಛಾಯೆ ಅದಕ್ಕೆ ಅಂತ ಹೇಳ್ತಾರೆ. ಅದಾದ ಮೇಲೆ ವಂದೇ ಮಾತರಂ, ಮಂಗಳಧ್ವನಿ. ಅಪ್ಪ ಆ ಹೊತ್ತಿಗೆ ಎದ್ದು ಮುಖ ತೊಳೆದು ಚಾವಡಿಯಲ್ಲಿ ಕೂತಾಗಿರ್ತಿತ್ತು.

ನಮ್ಮದು ಚರ್ಮದ ಕವರಿನ ಟ್ರಾನ್ಸಿಸ್ಟರು, ಎದುರು ಸಣ್ಣ ಸಣ್ಣ ತೂತು, ಹಿಂದೆ ಒತ್ತುವ ಬಟನ್ನು ಎರಡು ಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದು. ಸೆಲ್ಲು ದುರ್ಬಲ ಆದಾಗ ಅಪ್ಪ ಅದನ್ನು ತೆಗೆದು ಅಂಗಳದಲ್ಲಿ ಅಡಿಕೆ ಒಣಗಿಸಿದ ಜಾಗದ ಬದಿಯಲ್ಲಿ ಬಿಸಿಲಿಗೆ ಸಾಲಾಗಿ ಇಡ್ತಿದ್ರು, ಬಿಸಿ ಆದ್ರೆ ಇನ್ನೊಂದು ಆದಿತ್ಯವಾರ ಓಡ್ತದೆ ಅಂತ. ನಿಜವಾಗಿ ಓಡ್ತಿತ್ತು, ನಾಟಕ ಮುಗಿಯುವವರೆಗಾದ್ರೂ. ಕೊನೆಯ ಹತ್ತು ನಿಮಿಷ ದನಿ ತಗ್ಗಿ ತಗ್ಗಿ ಬಂದಾಗ ನಾವು ಮಕ್ಕಳೆಲ್ಲ ಉಸಿರು ಹಿಡಿದು ಕಿವಿಯನ್ನು ಆ ತೂತುಗಳಿಗೇ ಒತ್ತಿ ಹಿಡೀತಿದ್ವಿ, ಚರ್ಮದ ವಾಸನೆ ಮೂಗಿಗೆ ಬರ್ತಿತ್ತು. 7.35ರ ಕನ್ನಡ ವಾರ್ತೆಗೆ ಮಾತ್ರ ಯಾರೂ ಮಾತಾಡ್ಲಿಕ್ಕಿಲ್ಲ, ಅಜ್ಜಿ ಕೂಡ ದೋಸೆ ಕಾವಲಿ ಇಳಿಸಿ ಬಂದು ಬಾಗಿಲ ಹತ್ರ ನಿಲ್ತಿದ್ರು.

ಪ್ರಶ್ನೆ: ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಅಂತ ಪಟ್ಟಿ ಕೊಡ್ತೀರಾ?

ನಾನು ಪಟ್ಟಿ ಕೊಡೋದಿಲ್ಲ, ಸಮಯ ಆಗಾಗ ಬದಲಾಗ್ತದೆ, ಹಳೇ ಪಟ್ಟಿ ನಂಬಿ ಕೂತವರಿಗೆ ಬೇಜಾರಾಗ್ತದೆ. ಬೆಳಿಗ್ಗೆ ಪ್ರಸಾರ ಶುರುವಾದ ಮೇಲೆ ಆ ದಿನದ ಕಾರ್ಯಕ್ರಮಗಳ ವಿವರ ಹೇಳ್ತಾರೆ, ಆಗ ಒಂದು ಪೆನ್ನು ಹಿಡ್ಕೊಂಡು ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದುಬಿಡಿ. ಎರಡು ತಿಂಗಳು ಬರೆದ್ರೆ ನಿಮ್ಮದೇ ಪಟ್ಟಿ ತಯಾರು.

ಪ್ರಶ್ನೆ: ವಿವಿಧ ಭಾರತಿ ಬರೀ ಹಿಂದಿ ಅಲ್ವಾ, ನಮಗೆ ಅದು ಯಾಕೆ?

ಹಿಂದಿಯೇ ಹೆಚ್ಚು, ಆದ್ರೂ ನಮ್ಮ ಊರಿನ ಎಷ್ಟೋ ಮನೆಗಳ ಆದಿತ್ಯವಾರ ಅದರಲ್ಲಿ ಕಳೆದಿದೆ. ಅದು ಹುಟ್ಟಿದ ಕಥೆ ಹೇಳಲೇಬೇಕು. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಮಂತ್ರಿ ಆದ್ರು, ಅವರಿಗೆ ಶಾಸ್ತ್ರೀಯ ಸಂಗೀತ ಅಂದ್ರೆ ಪ್ರಾಣ, ಸಿನಿಮಾ ಹಾಡು ಅಂದ್ರೆ ಆಗದು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಹೋಯ್ತು. ಜನ ಹಾಡು ಬಿಟ್ರಾ, ಇಲ್ಲ, ಸ್ಟೇಷನ್ ತಿರುಗಿಸಿದ್ರು. ರೇಡಿಯೋ ಸಿಲೋನ್ ಅದೇ 1952ರಲ್ಲಿ ಅಮೀನ್ ಸಯಾನಿಯವರ ದನಿಯಲ್ಲಿ ಹಿಂದಿ ಹಾಡುಗಳ ವಾರದ ಕಾರ್ಯಕ್ರಮ ಶುರು ಮಾಡಿತು, ಬುಧವಾರ ರಾತ್ರಿ ಇಡೀ ದೇಶ ಕೊಲಂಬೊ ಕಡೆ ಕಿವಿ ಇಟ್ಟು ಕೂತಿತು. ಐದು ವರ್ಷ ಹೀಗೆ ಕಳೆದು 1957ರ ಅಕ್ಟೋಬರ್ 3ಕ್ಕೆ ಆಕಾಶವಾಣಿಯದ್ದೇ ಹಾಡಿನ ಸ್ಟೇಷನ್ ಆಗಿ ವಿವಿಧ ಭಾರತಿ ಬಂತು, ಅದನ್ನು ಕಟ್ಟಿ ನಿಲ್ಲಿಸಿದವರು ಕವಿ ಪಂಡಿತ್ ನರೇಂದ್ರ ಶರ್ಮ. ಜಾಹೀರಾತು ಬಂದದ್ದು ಹತ್ತು ವರ್ಷ ಕಳೆದು, 1967ರಲ್ಲಿ. ಕೇಳುವವನ ಕೈಯಲ್ಲಿ ತಿರುಗಿಸುವ ಗುಂಡಿ ಉಂಟು ಅಂತ ಸರ್ಕಾರಕ್ಕೆ ಗೊತ್ತಾಗ್ಲಿಕ್ಕೆ ಐದು ವರ್ಷ ಬೇಕಾಯ್ತು ಅಂತ ಅಪ್ಪ ಹೇಳ್ತಿದ್ರು.

ಆದಿತ್ಯವಾರ ಸಂಜೆಯ ಜಯಮಾಲಾ ಕೇಳಿ ಒಮ್ಮೆ. ಬೇರೆ ದಿನ ಅದರಲ್ಲಿ ಸೈನಿಕರು ಕೇಳಿದ ಹಾಡು ಹಾಕ್ತಾರೆ, ಶನಿವಾರ ಸಿನಿಮಾದವರೊಬ್ಬರು ಬಂದು ನಡೆಸ್ತಾರೆ, ಆದಿತ್ಯವಾರದ್ದು ಸಂದೇಶ, ಸೈನಿಕ ಮನೆಗೆ ಹೇಳುವ ಮಾತು, ಮನೆಯವರು ಸೈನಿಕನಿಗೆ ಹೇಳುವ ಮಾತು. ನಮ್ಮ ಪಕ್ಕದ ಊರಿನ ಒಬ್ಬ ಅಮ್ಮನಿಗೆ ಹಿಂದಿ ಒಂದಕ್ಷರ ಬರೂದಿಲ್ಲ, ಮಗ ಸೈನ್ಯದಲ್ಲಿ, ಆ ಅರ್ಧ ಗಂಟೆ ಮಾತ್ರ ತಪ್ಪಿಸ್ತಿರಲಿಲ್ಲ. ಯಾರದೋ ತಾಯಿ ಯಾರದೋ ಮಗನ ಹತ್ರ "ಊಟ ಸರಿಯಾಗಿ ಮಾಡು" ಅಂತ ಹೇಳಿದ್ದು ಅವರಿಗೆ ಅರ್ಥ ಆಗ್ತಿತ್ತು.

ಮೊದಲೆಲ್ಲ ನಮ್ಮಲ್ಲಿ ವಿವಿಧ ಭಾರತಿ ಕೇಳ್ತಿದ್ದದ್ದು ಬೆಂಗಳೂರಿನ ದೊಡ್ಡ ಟ್ರಾನ್ಸ್‌ಮಿಟರಿನಿಂದ ಬರುತ್ತಿದ್ದ ಶಾರ್ಟ್‌ವೇವಿನಲ್ಲಿ, 9870 ಕಿಲೋಹರ್ಟ್ಸ್, 31 ಮೀಟರ್ ಬ್ಯಾಂಡು. ಅಲೆಯ ಹಾಗೆ ದನಿ ಹತ್ರ ಬಂದು ದೂರ ಹೋಗ್ತಿತ್ತು. ಈಗ ಸುಲಭ, ಡಿಡಿ ಫ್ರೀ ಡಿಶ್ ಇದ್ರೆ ಟಿವಿಯಲ್ಲೇ ರೇಡಿಯೋ ಚಾನೆಲ್‌ಗಳ ಸಾಲಿನಲ್ಲಿ ಉಂಟು, ಮೊಬೈಲಲ್ಲೂ ಉಂಟು.

ಪ್ರಶ್ನೆ: ಮನ್ ಕೀ ಬಾತ್ ಕನ್ನಡದಲ್ಲಿ ಎಷ್ಟು ಹೊತ್ತಿಗೆ?

ತಿಂಗಳ ಕೊನೆಯ ಆದಿತ್ಯವಾರ ಬೆಳಿಗ್ಗೆ 11ಕ್ಕೆ ಪ್ರಧಾನಿಯವರ ಹಿಂದಿ ಭಾಷಣ, ಅದು ಮುಗಿದ ಕೂಡಲೇ ಪ್ರಾದೇಶಿಕ ಭಾಷೆಗಳಲ್ಲಿ, ರಾತ್ರಿ 8ಕ್ಕೆ ಮತ್ತೊಮ್ಮೆ. ಕಣ್ಣೂರು ಇಟ್ರೆ ಮಲಯಾಳದಲ್ಲಿ, ಮಂಗಳೂರು ಇಟ್ರೆ ಕನ್ನಡದಲ್ಲಿ. ಮೊದಲ ಕಂತು ಬಂದದ್ದು 2014ರ ಅಕ್ಟೋಬರ್ 3ರಂದು, ನೂರನೆಯದ್ದು 2023ರ ಏಪ್ರಿಲ್ 30ರಂದು.

ಪ್ರಶ್ನೆ: ಸಂಸ್ಕೃತ ವಾರ್ತೆ ಈಗ್ಲೂ ಬರ್ತದಾ?

ಬರ್ತದೆ. 1974ರ ಜೂನ್ 30ರಿಂದ ಬರ್ತಾ ಉಂಟು. "ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್" ಅಂತ ಬೆಳಿಗ್ಗೆ 6.55ಕ್ಕೆ ಕೇಳಿದ ತಲೆಮಾರಿನವರಿಗೆ ಗಡಿಯಾರ ಬೇಕಿರಲಿಲ್ಲ, ಶಾಲೆಗೆ ಹೊರಡ್ಲಿಕ್ಕೆ ಎಷ್ಟು ಹೊತ್ತುಂಟು ಅಂತ ಅದರಲ್ಲೇ ಲೆಕ್ಕ.

ಪ್ರಶ್ನೆ: ಯಕ್ಷಗಾನ ಕಣ್ಣಿಗೆ ನೋಡುವಂಥದ್ದು, ರೇಡಿಯೋದಲ್ಲಿ ಎಂತ ಕೇಳೋದು?

ಇದನ್ನು ಕೇಳಿದವರು ಕುಂಬಳೆಯ ಒಬ್ಬ ಕಾಲೇಜು ಹುಡುಗ. ಅವನ ಮೇಲೆ ನನಗೆ ಬೇಜಾರಿಲ್ಲ, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವನಿಗೆ ಹೇಳಿಕೊಡಬೇಕಾದ್ದು ನಮ್ಮ ಕೆಲಸ. ಯಕ್ಷಗಾನದಲ್ಲೇ ತಾಳಮದ್ದಳೆ ಅಂತ ಒಂದು ಬಗೆ ಉಂಟು, ಅದಕ್ಕೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು, ಚೆಂಡೆ ಮದ್ದಳೆ, ಮತ್ತೆ ಕೂತಲ್ಲೇ ಪಾತ್ರದ ಮಾತು ಹೇಳುವ ಅರ್ಥಧಾರಿಗಳು, ಇಷ್ಟೇ. ರೇಡಿಯೋಗೇ ಅಂತ ಮಾಡಿದ ಹಾಗೆ ಉಂಟು ಅದು, ರೇಡಿಯೋ ಬರುವ ಎಷ್ಟೋ ಕಾಲ ಮುಂಚೆಯೇ. ಬರೀ ಮಾತಿನಲ್ಲಿ ಕೃಷ್ಣನನ್ನೂ ಕೌರವನನ್ನೂ ಎದುರು ತಂದು ಕೂರಿಸಬೇಕು. ನಮ್ಮ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳ್ಲಿಕ್ಕೆ ಕೂತ್ರೆ ಎದುರಾಳಿ ಮಾತ್ರ ಅಲ್ಲ, ಕೇಳುವವರೂ ಬೆನ್ನು ನೆಟ್ಟಗೆ ಮಾಡಿ ಕೂರ್ಬೇಕಿತ್ತು, ಯಾಕೆ ಅಂದ್ರೆ ಯಾವ ವಾಕ್ಯದಲ್ಲಿ ಎದುರಿನವನ ಪ್ರಶ್ನೆಗೆ ಉತ್ತರ ಅಡಗಿದೆ ಅಂತ ಹೇಳ್ಲಿಕ್ಕೆ ಬರ್ತಿರಲಿಲ್ಲ. ಮಂಗಳೂರು ಆಕಾಶವಾಣಿ 1976ರ ಡಿಸೆಂಬರ್ 11ಕ್ಕೆ ಶುರುವಾಯ್ತು, ಆವತ್ತಿಂದ ನಮ್ಮ ಕರಾವಳಿಯ ಅರ್ಥಧಾರಿಗಳ, ಭಾಗವತರ ದನಿಗೆ ಅಲ್ಲಿ ಜಾಗ ಸಿಕ್ಕಿದೆ. ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೂ ಅಲ್ಲಿ ಜಾಗ ಉಂಟು. ನಮ್ಮ ಕಾಸರಗೋಡಿನಲ್ಲಿ ಒಂದು ಬಸ್ಸಿನಲ್ಲೇ ಐದಾರು ಭಾಷೆ ಕೇಳ್ತದೆ, ಆ ಬಸ್ಸಿಗೆ ಹೊಂದುವ ಸ್ಟೇಷನ್ ಇದು.

ಮೊದಲ ಸಲ ಕೇಳುವವರಿಗೆ ಒಂದು ಮಾತು: ಪ್ರಸಂಗದ ಕಥೆ ಮೊದಲು ಮನೆಯ ಹಿರಿಯರ ಹತ್ರ ಕೇಳಿ ತಿಳ್ಕೊಳ್ಳಿ. ಕಥೆ ಗೊತ್ತಿದ್ರೆ ಮಾತಿನ ರುಚಿ ಸಿಗ್ತದೆ.

ಪ್ರಶ್ನೆ: ಕೋರಿಕೆ ಕಾರ್ಯಕ್ರಮಕ್ಕೆ ಈಗ್ಲೂ ಕಾರ್ಡು ಬರೀಬಹುದಾ? ಹೇಗೆ ಬರೀಬೇಕು?

ಬರೀರಿ, ದಯವಿಟ್ಟು ಬರೀರಿ. ಅಂಚೆ ಕಾರ್ಡಿಗೆ 50 ಪೈಸೆ. ಫೋನು, ವಾಟ್ಸಾಪ್ ಎಲ್ಲ ಬಂದಿದೆ ಅಂತ ನನಗೂ ಗೊತ್ತುಂಟು, ಯಾವುದಕ್ಕೆ ಹೇಗೆ ಕಳಿಸ್ಬೇಕು ಅಂತ ಆಯಾ ಕಾರ್ಯಕ್ರಮದ ಕೊನೆಗೆ ಹೇಳ್ತಾರೆ, ಅದನ್ನು ಗಮನ ಇಟ್ಟು ಕೇಳಿ. ಕಾರ್ಡಿನಲ್ಲಿ ಮೊದಲು ಕಾರ್ಯಕ್ರಮದ ಹೆಸರು, ಆಮೇಲೆ ಹಾಡಿನ ಮೊದಲ ಸಾಲು ಮತ್ತು ಸಿನಿಮಾದ ಹೆಸರು, ಆಮೇಲೆ ಕೇಳುವವರ ಹೆಸರುಗಳು, ಕೊನೆಗೆ ಊರು. ಅಕ್ಷರ ದೊಡ್ಡದಾಗಿ, ನೀಲಿ ಶಾಯಿಯಲ್ಲಿ, ಒತ್ತೊತ್ತಾಗಿ ಬೇಡ, ಓದುವವರ ಕಣ್ಣಿಗೆ ಸುಖ ಆಗ್ಬೇಕು. ಒಂದೇ ಹಾಡು ಕೇಳಿ, ಐದು ಹಾಡು ಬರೆದ್ರೆ ಯಾವುದೂ ಬರ್ಲಿಕ್ಕಿಲ್ಲ.

ಮತ್ತೆ ಊರಿನ ಹೆಸರು. ಇದು ನಾನು ಎಲ್ಲರ ಹತ್ರ ಕೈಮುಗಿದು ಹೇಳುವ ವಿಷಯ. ಪೆರ್ಲ, ನೀರ್ಚಾಲು, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಅಂತ ಕನ್ನಡದಲ್ಲಿ ಪೂರ್ತಿ ಬರೀರಿ. ಬಸ್ಸಿನ ಬೋರ್ಡಿನಲ್ಲಿ, ಕಚೇರಿಯ ಕಾಗದದಲ್ಲಿ ನಮ್ಮ ಊರಿನ ಹೆಸರು ಬೇರೆಯೇ ಆಗಿ ಹೋಗಿದೆ, ಮಂಜೇಶ್ವರ ಮಂಜೇಶ್ವರಂ ಆಯ್ತು, ಕಾಸರಗೋಡು ಕಾಸರಕೋಡ್ ಆಯ್ತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರ್ಬೇಕು ಅಂತ ಹೇಳಿದ್ದು, ಅದು ಕಾಗದದಲ್ಲೇ ಉಳಿದದ್ದು, ಇದೆಲ್ಲ ಹಳೇ ವಿಷಯ, ಎಲ್ಲರಿಗೂ ಗೊತ್ತಿದ್ದದ್ದೇ. ಮಲಯಾಳದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ನನ್ನ ಅರ್ಧ ಗೆಳೆಯರು ಮಲಯಾಳದವರು. ಆದ್ರೆ ಆದಿತ್ಯವಾರ ರೇಡಿಯೋದಲ್ಲಿ ಒಬ್ಬರು ಉದ್ಘೋಷಕರು ನಿಧಾನವಾಗಿ, ಸ್ಪಷ್ಟವಾಗಿ "ಈ ಹಾಡನ್ನು ಕೇಳಬಯಸಿದವರು ಕಾಸರಗೋಡಿನ ನೀರ್ಚಾಲಿನಿಂದ" ಅಂತ ಓದ್ತಾರಲ್ಲ, ನಾನು ಹುಟ್ಟಿದ ಊರಿನ ಹೆಸರನ್ನು ಅಜ್ಜಿ ಹೇಳಿದ ಹಾಗೆಯೇ ಹೇಳ್ತಾರಲ್ಲ, ಅದನ್ನು ಕೇಳಿದಾಗ ನನಗೆ ಎದೆ ತುಂಬಿ ಬರ್ತದೆ. ಊರಿನ ಸರಿಯಾದ ಹೆಸರು ವಾರಕ್ಕೊಮ್ಮೆ ಆದ್ರೂ ಜೋರಾಗಿ ಕೇಳ್ಬೇಕು, ಇಲ್ಲದಿದ್ರೆ ನಮ್ಮ ಮಕ್ಕಳ ಬಾಯಿಂದಲೂ ಹೋಗಿಬಿಡ್ತದೆ. ಕಾರ್ಡು ಬರೀರಿ ಅಂತ ನಾನು ಇಷ್ಟು ಸಲ ಹೇಳೋದು ಅದಕ್ಕೇ.

ಒಮ್ಮೆ ನನ್ನ ಕಾರ್ಡು ಮೂರು ತಿಂಗಳು ಕಳೆದು ಓದಿಸಿಕೊಂಡಿತು. ತಂಗಿಯ ಮದುವೆ ದಿನಕ್ಕೆ ಅಂತ ಬರೆದದ್ದು, ಅವಳು ಗಂಡನ ಮನೆಯಲ್ಲಿ ಹಳಬಳಾದ ಮೇಲೆ ಬಂತು. ಆದ್ರೂ ಅವಳು ಅಲ್ಲಿ ಕೇಳಿದಳು, ನಾವು ಇಲ್ಲಿ ಕೇಳಿದೆವು. ಹಾಗಾಗಿ ತಾರೀಕು ಇರುವ ವಿಶೇಷಕ್ಕೆ ತುಂಬ ಮೊದಲೇ ಕಳಿಸಿ.

ಪ್ರಶ್ನೆ: ನನ್ನ ಮಗಳು ಮಲಯಾಳ ಮೀಡಿಯಂ. ರೇಡಿಯೋ ಕೇಳಿದ್ರೆ ಕನ್ನಡ ಬರ್ತದಾ?

ಓದು ಬರಹ ಅದರಿಂದ ಬರ್ಲಿಕ್ಕಿಲ್ಲ, ಅದಕ್ಕೆ ನೀವೇ ದಿನಕ್ಕೆ ಕಾಲು ಗಂಟೆ ಕೂರಿಸಿ ಅಕ್ಷರ ಕಲಿಸ್ಬೇಕು. ಆದ್ರೆ ಕಿವಿ ತಯಾರಾಗ್ತದೆ. ನಾವು ಮನೆಯಲ್ಲಿ ಮಾತಾಡೋದು ಹವ್ಯಕವೋ ತುಳುವೋ ಮರಾಠಿಯೋ ಕರಾಡವೋ, ಶಾಲೆಯಲ್ಲಿ ಮಲಯಾಳ, ಫೋನಿನಲ್ಲಿ ಇಂಗ್ಲಿಷು, ಮಗುವಿಗೆ ಪೂರ್ತಿ ಕನ್ನಡ ವಾಕ್ಯ ಕೇಳ್ಲಿಕ್ಕೆ ಸಿಗೋದು ಎಲ್ಲಿ ಹೇಳಿ. ಆದಿತ್ಯವಾರದ ಮಕ್ಕಳ ಕಾರ್ಯಕ್ರಮದಲ್ಲಿ ಅವಳದ್ದೇ ಪ್ರಾಯದ ಮಕ್ಕಳು ಕಥೆ ಹೇಳ್ತಾರೆ, ಒಗಟು ಕೇಳ್ತಾರೆ. ನನ್ನ ಅಣ್ಣನ ಮಗಳು ಮೂರನೇ ಕ್ಲಾಸಿನಲ್ಲಿ ಇರುವಾಗ ರೇಡಿಯೋದಲ್ಲಿ ಕೇಳಿ "ಚಿಕ್ಕಪ್ಪ, ಮುಂಜಾವು ಅಂದ್ರೆ ಎಂತ" ಅಂತ ಕೇಳಿದ್ದಳು. ಮನೆಯಲ್ಲಿ ಯಾರೂ ಆ ಶಬ್ದ ಹೇಳೋದಿಲ್ಲ. ಮಾರನೇ ದಿನ ಅವಳನ್ನು ಐದೂವರೆಗೆ ಎಬ್ಬಿಸಿ ಅಂಗಳಕ್ಕೆ ಕರ್ಕೊಂಡು ಹೋಗಿ ತೋರಿಸಿದೆ.

ಮಗುವಿಗೆ ರೇಡಿಯೋ ಇಟ್ಟುಕೊಟ್ಟು ನೀವು ಎದ್ದು ಹೋಗ್ಬೇಡಿ, ಒಟ್ಟಿಗೆ ಕೂತ್ಕೊಳ್ಳಿ.

ಪ್ರಶ್ನೆ: ಮೊಬೈಲಿನಲ್ಲಿ ಎಫ್‌ಎಂ ಬರ್ತಾ ಇಲ್ಲ, ಯಾಕೆ?

ಎರಡು ಕಾರಣ. ಒಂದು, ಮೊಬೈಲಿನ ಎಫ್‌ಎಂಗೆ ಇಯರ್‌ಫೋನಿನ ವಯರೇ ಏರಿಯಲ್, ಅದನ್ನು ಸಿಕ್ಕಿಸದೆ ಬರೂದಿಲ್ಲ, ಬ್ಲೂಟೂತಿನದ್ದು ಇದಕ್ಕೆ ಆಗೂದಿಲ್ಲ. ಎರಡು, ಹೊಸ ಮೊಬೈಲುಗಳಲ್ಲಿ ಆ ಸೌಕರ್ಯವನ್ನೇ ತೆಗೆದಿದ್ದಾರೆ. 2023ರಲ್ಲಿ ಕೇಂದ್ರ ಸರ್ಕಾರ ಮೊಬೈಲ್ ಕಂಪೆನಿಗಳಿಗೆ ಎಫ್‌ಎಂ ತೆಗೀಬೇಡಿ ಅಂತ ಸೂಚನೆ ಕೊಟ್ಟಿತ್ತು, ನೆರೆ ತುಫಾನು ಬಂದು ನೆಟ್‌ವರ್ಕ್ ಹೋದಾಗ ರೇಡಿಯೋ ಒಂದೇ ಗತಿ ಅಂತ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಟವರು ಎರಡೂ ಇಲ್ಲದೆ ಕೂತ ನಮಗೆ ಅದನ್ನು ಬಿಡಿಸಿ ಹೇಳೋದು ಬೇಡ.

ನೆಟ್ ಇದ್ರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕ್ಕೊಳ್ಳಿ, ದೇಶದ ಇನ್ನೂರಕ್ಕಿಂತ ಹೆಚ್ಚು ಸ್ಟೇಷನ್ ಅದರಲ್ಲಿ ಉಂಟು, ಮಂಗಳೂರು, ಮಡಿಕೇರಿ, ಧಾರವಾಡ ಎಲ್ಲ. 2024ರ ನವೆಂಬರಿನಲ್ಲಿ ಬಂದ ವೇವ್ಸ್ ಆ್ಯಪಿನಲ್ಲೂ ರೇಡಿಯೋ ಸಿಗ್ತದೆ. ಆ್ಯಪಿನಲ್ಲಿ ದನಿ ಸ್ವಲ್ಪ ತಡವಾಗಿ ಬರ್ತದೆ, ಕ್ರಿಕೆಟ್ ಕಾಮೆಂಟರಿ ಕೇಳುವಾಗ ಪಕ್ಕದ ಮನೆಯವರು ಮೊದಲು ಕಿರುಚ್ತಾರೆ, ಆಮೇಲೆ ನಿಮಗೆ ಸಿಕ್ಸರ್ ಕೇಳ್ತದೆ.

ಪ್ರಶ್ನೆ: ದುಬಾಯಿಯಲ್ಲಿ, ಮುಂಬಯಿಯಲ್ಲಿ ಇದ್ದವರು ಕೇಳಬಹುದಾ?

ಅದೇ ಆ್ಯಪು. ದುಬಾಯಿಯಲ್ಲಿ ಇರುವವರು ಒಂದೂವರೆ ಗಂಟೆ ಕಳೆದು ಲೆಕ್ಕ ಹಾಕ್ಕೊಳ್ಳಿ, ಅಂದ್ರೆ ಇಲ್ಲಿಯ ಬೆಳಿಗ್ಗೆ 8 ಅಲ್ಲಿಯ ಆರೂವರೆ.

ಪ್ರಶ್ನೆ: ಮೀಡಿಯಂ ವೇವಿನಲ್ಲಿ ರಾತ್ರಿ ದೂರದ ಸ್ಟೇಷನ್ ಸಿಗ್ತದೆ, ಹಗಲು ಇಲ್ಲ. ಸೆಟ್ ಕೆಟ್ಟಿದ್ಯಾ?

ಕೆಟ್ಟದ್ದಲ್ಲ. ಹಗಲು ಬಿಸಿಲಿಗೆ ಆಕಾಶದಲ್ಲಿ ಕೆಳಗೆ ಒಂದು ಪದರ ಆಗ್ತದೆ, ಅದು ಮೀಡಿಯಂ ವೇವಿನ ತರಂಗವನ್ನು ಹೀರಿಬಿಡ್ತದೆ. ಕತ್ತಲಾದ ಮೇಲೆ ಆ ಪದರ ಕರಗಿಹೋಗಿ ತರಂಗ ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದಲ್ಲಿ ಕೆಳಗಿಳೀತದೆ. ನಾವು ಚಿಕ್ಕವರಿರುವಾಗ ಬೆಂಗಳೂರಿನ 612, ಧಾರವಾಡದ 765 ರಾತ್ರಿ ಊಟ ಆದ ಮೇಲೆ ಹುಡುಕುವುದೇ ಒಂದು ಕೆಲಸ. ಮೀಡಿಯಂ ವೇವಿನ ಏರಿಯಲ್ ಸೆಟ್ಟಿನ ಒಳಗೇ ಇರ್ತದೆ, ಕಪ್ಪು ಕಡ್ಡಿಗೆ ತಾಮ್ರದ ನೂಲು ಸುತ್ತಿದ್ದು, ಹಾಗಾಗಿ ಮೇಲಿನ ಕಡ್ಡಿ ಎಳೆದು ಪ್ರಯೋಜನ ಇಲ್ಲ, ಇಡೀ ಸೆಟ್ಟನ್ನೇ ಮೆಲ್ಲ ತಿರುಗಿಸಿ ದನಿ ಎಲ್ಲಿ ಗಟ್ಟಿ ಆಗ್ತದೆ ನೋಡ್ಬೇಕು.

ಬೇರೆ ಒಂದು ಉಪದ್ರ ಈಚೆಗೆ ಬಂದದ್ದು, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು. ಇವುಗಳಿಂದ ರೇಡಿಯೋದಲ್ಲಿ ಒಂದೇ ಸಮನೆ ಜುಂಯ್ ಅಂತ ಸದ್ದು. ಸೆಲ್ಲಿನಲ್ಲಿ ರೇಡಿಯೋ ಇಟ್ಟು ಮನೆಯ ಮೇನ್ ಸ್ವಿಚ್ ಒಮ್ಮೆ ಆಫ್ ಮಾಡಿ, ಸದ್ದು ನಿಂತ್ರೆ ಕಳ್ಳ ಮನೆಯೊಳಗೇ ಉಂಟು. ಒಂದೊಂದೇ ಬಲ್ಬು ಹಾಕಿ ಹುಡುಕಿ. ನಮ್ಮಲ್ಲಿ ಅದು ದೇವರ ಕೋಣೆಯ ಸಣ್ಣ ಕೆಂಪು ದೀಪದ ಮಾಲೆ ಆಗಿತ್ತು.

ಪ್ರಶ್ನೆ: ಹೊಸ ಸೆಟ್ ತಗೊಳ್ಳೋದಾದ್ರೆ ಎಂಥದ್ದು?

ಅಪ್ಪ ಅಮ್ಮನಿಗೆ ಅಂತಾದ್ರೆ ತಿರುಗಿಸುವ ಗುಂಡಿ ಇರುವಂಥದ್ದು, ದೊಡ್ಡ ಸ್ಪೀಕರು, ಸೆಲ್ಲು ಮತ್ತು ಕರೆಂಟು ಎರಡರಲ್ಲೂ ನಡೆಯುವಂಥದ್ದು. ಪೆನ್‌ಡ್ರೈವ್, ಬಣ್ಣದ ಲೈಟು ಇರುವ ಅಗ್ಗದ ಸೆಟ್ಟುಗಳಲ್ಲಿ ಎಫ್‌ಎಂ ಹಿಡಿಯುವ ಶಕ್ತಿ ಕಮ್ಮಿ ಇರ್ತದೆ, ನಾನು ಒಂದು ತಂದು ಸೋತಿದ್ದೇನೆ, ಪೇಟೆಯಲ್ಲಿ ಅಂಗಡಿಯವರು ಹಾಕಿ ತೋರಿಸಿದಾಗ ಚೆಂದ ಇತ್ತು, ಮನೆಗೆ ತಂದ್ರೆ ಗಾಳಿಯ ಸದ್ದು ಮಾತ್ರ. ತಗೊಳ್ಳುವಾಗ ಅಂಗಡಿಯ ಒಳಗೆ, ಮೂಲೆಯಲ್ಲಿ ಇಟ್ಟು 100.3 ಹಾಕಿಸಿ ಕೇಳಿ. ಲೈಸೆನ್ಸ್ ಬೇಕಾ ಅಂತ ಹಿರಿಯರೊಬ್ಬರು ಮೊನ್ನೆ ಕೇಳಿದ್ರು, ಬೇಡ. ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಸ್ಟ್ಯಾಂಪ್ ಹಾಕಿಸುವ ಕ್ರಮ 1980ರ ದಶಕದಲ್ಲೇ ಹೋಯ್ತು.

ಪ್ರಶ್ನೆ: ಅಮ್ಮನಿಗೆ ಕಣ್ಣು ಮಂಜು, ಸ್ಟೇಷನ್ ಹುಡುಕ್ಲಿಕ್ಕೆ ಆಗೂದಿಲ್ಲ. ಎಂತ ಮಾಡೋದು?

ಒಮ್ಮೆ ನೀವೇ 100.3ಕ್ಕೆ ಸರಿಯಾಗಿ ಇಟ್ಟುಕೊಡಿ. ಆಮೇಲೆ ತಿರುಗಿಸುವ ಗುಂಡಿಯ ಅಂಚಿನಲ್ಲಿ ಒಂದು ಚುಕ್ಕೆ, ಅದಕ್ಕೆ ನೇರವಾಗಿ ಸೆಟ್ಟಿನ ಮೈಮೇಲೆ ಇನ್ನೊಂದು ಚುಕ್ಕೆ, ಉಗುರಿಗೆ ಹಚ್ಚುವ ಬಣ್ಣದಲ್ಲಿ ದಪ್ಪಕ್ಕೆ ಹಾಕಿ, ಒಣಗಿದ ಮೇಲೆ ಮತ್ತೊಂದು ಸಲ ಅದರ ಮೇಲೆಯೇ ಹಾಕಿ, ಬೆರಳಿಗೆ ಉಬ್ಬು ಗೊತ್ತಾಗುವಷ್ಟು. ನನ್ನ ಅಮ್ಮನಿಗೆ ಈಗ ಎಂಬತ್ತರ ಹತ್ರ, ಆದಿತ್ಯವಾರ ಬೆಳಿಗ್ಗೆ ಅವರೇ ಕೈಯಲ್ಲಿ ತಡವಿ ಆ ಎರಡು ಉಬ್ಬು ಒಂದಕ್ಕೊಂದು ಸೇರಿಸಿ ಸ್ಟೇಷನ್ ಹಿಡೀತಾರೆ, ದನಿ ಬಂದ ಕೂಡಲೇ ನನ್ನನ್ನು ಕರೀತಾರೆ.